ನೀರೊಡೆದ ಉಪ್ಪು: ತೀರ್ಥಹಳ್ಳಿ ಕಡೆಯ ಒಂದು ಸಮುದ್ರ ಅಕ್ವೇರಿಯಂ, ಮೂರು ಉಪ್ಪುಗಳ ಹೋಲಿಕೆ

ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ತೋಟದ ಮನೆಯೊಂದರಲ್ಲಿ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಸಮುದ್ರ ನೀರಿನ ಟ್ಯಾಂಕ್ ಇದೆ. ಕಲ್ಲು, ಮರಳು, ಮೇಲಿನ ಖಾಲಿ ಜಾಗ ಕಳೆದು ಕೆಳಗಿನ ಸಂಪ್ ಸೇರಿಸಿದರೆ ನಿಜವಾಗಿ ಇರುವ ನೀರು 250 ಲೀಟರ್. ಒಂದು ಜೋಡಿ ಕ್ಲೌನ್ ಮೀನು, ಒಂದು ಗೋಬಿ, ಎರಡು ಕ್ಲೀನರ್ ಸಿಗಡಿ, ಹತ್ತು ಬಸವನಹುಳು, ಹೂವಿನಂತೆ ಅರಳಿ ಮುಚ್ಚುವ ಜೊಯಾಂಥಿಡ್ ಎಂಬ ಜೀವಿಗಳ ಗುಂಪುಗಳು, ಲೆದರ್ ಕೋರಲ್ ಎಂಬ ಒಂದು ಮೆದು ಹವಳ ಇವೆ. ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವುದರಿಂದ ಅವನ್ನು ಇಟ್ಟಿಲ್ಲ. ಕ್ಯಾಲ್ಸಿಯಂ, ಅಡುಗೆ ಸೋಡಾ ಏನನ್ನೂ ಪ್ರತ್ಯೇಕವಾಗಿ ಹಾಕುವ ಪದ್ಧತಿಯೂ ಇರಲಿಲ್ಲ. ಚೀಲದಲ್ಲಿ ಬರುವ ಅಕ್ವೇರಿಯಂ ಉಪ್ಪನ್ನು ಶುದ್ಧ ನೀರಿನಲ್ಲಿ ಕಲಸಿ ಸಮುದ್ರ ನೀರು ಮಾಡಿಕೊಂಡು, ವಾರಕ್ಕೊಮ್ಮೆ 40 ಲೀಟರ್ ನೀರು ಬದಲಿಸುವುದೊಂದೇ ಆರೈಕೆ. ಮುಂದಿನ ಎಲ್ಲ ಲೆಕ್ಕವೂ ಈ 40ರ ಮೇಲೆ ನಿಂತಿದೆ.

ಜೂನ್‌ವರೆಗೆ ಟ್ಯಾಂಕ್ ಚೆನ್ನಾಗಿತ್ತು. ಮಳೆ ಹಿಡಿದ ಮೇಲೆ ಜೊಯಾಂಥಿಡ್‌ಗಳು ಅರ್ಧ ಮುಚ್ಚಿದವು, ಲೆದರ್ ಕೋರಲ್ ಮೇಣದಂಥ ಪೊರೆ ಕಟ್ಟಿ ಸುಮ್ಮನೆ ಕುಳಿತಿತು. ಉಪ್ಪಿನ ಗುಣ ಕೆಟ್ಟಿದೆ ಎಂದುಕೊಂಡ ಮನೆಯವರು ಜುಲೈ ಮಧ್ಯದಲ್ಲಿ ಬೇರೆ ಉಪ್ಪು ತರಿಸಿದರು. ಹೊಸ ಉಪ್ಪಿನಲ್ಲಿ ಒಮ್ಮೆಗೇ 100 ಲೀಟರ್, ನಾಲ್ಕು ದಿನ ಬಿಟ್ಟು ಮತ್ತೆ 80 ಲೀಟರ್ ಬದಲಿಸಿದರು. ಎರಡನೇ ಬದಲಾವಣೆಯ ಮರುದಿನ ಒಂದು ಸಿಗಡಿ ಪೊರೆ ಕಳಚಿ ಸತ್ತಿತು. ಜೊಯಾಂಥಿಡ್‌ಗಳು ಪೂರ್ತಿ ಮುಚ್ಚಿಕೊಂಡವು. ಕಲ್ಲಿನ ಮೇಲಿನ ನೇರಳೆ ಕೋರಲೈನ್ ಪಾಚಿ ಅಲ್ಲಲ್ಲಿ ಬಿಳಿಚಿತು. ಮನೆಯವರ ಪ್ರಶ್ನೆ ಒಂದೇ: ಹಾಗಾದರೆ ಯಾವ ಉಪ್ಪು ಒಳ್ಳೆಯದು?

ಮೊದಲು ತಾಮ್ರದ ಅನುಮಾನ

ಅಡಿಕೆ ತೋಟದ ನಡುವೆ ಸಿಗಡಿ ಸತ್ತರೆ ಮೊದಲು ನೋಡಬೇಕಾದದ್ದು ಮೈಲುತುತ್ತ. ಕೊಳೆರೋಗಕ್ಕೆ ಮಳೆ ಹಿಡಿಯುವ ಹೊತ್ತಿಗೆ ಒಮ್ಮೆ, 40–45 ದಿನ ಬಿಟ್ಟು ಮತ್ತೊಮ್ಮೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಮೈಲುತುತ್ತದ ತೂಕದಲ್ಲಿ ಕಾಲು ಭಾಗ ತಾಮ್ರ. ಅಂದರೆ ದ್ರಾವಣದ ಪ್ರತಿ ಲೀಟರಿನಲ್ಲಿ ಸುಮಾರು 2.5 ಗ್ರಾಂ. 50 ಮಿಲಿ ಹೇಗೋ ಈ ಟ್ಯಾಂಕಿಗೆ ಸೇರಿದರೂ ಒಟ್ಟು ತಾಮ್ರ ಲೀಟರಿಗೆ ಅರ್ಧ ಮಿಲಿಗ್ರಾಂ ಆಗುತ್ತದೆ. ಮೀನಿನ ಚುಕ್ಕೆರೋಗಕ್ಕೆ ಔಷಧಿಯಾಗಿ ಬಳಸುವ ತಾಮ್ರವೇ ಲೀಟರಿಗೆ 0.15–0.25 ಮಿಲಿಗ್ರಾಂ, ಬೆನ್ನೆಲುಬಿಲ್ಲದ ಜೀವಿಗಳು ಸಾಯಲು ಅಷ್ಟೇ ಸಾಕು. ಆದ್ದರಿಂದ ಔಷಧಿ ಕಲಸಿದ ಡ್ರಮ್ಮು, ಬಕೆಟ್ಟು, ಪೈಪು ಯಾವುದೂ ಉಪ್ಪುನೀರಿನ ಹತ್ತಿರ ಸುಳಿಯಬಾರದು. ತೋಟದ ಪಕ್ಕದ ಮಾಡಿನ ನೀರನ್ನು ಹಿಡಿದು ಬಳಸುವುದೂ ಬೇಡ.

ಇಲ್ಲಿ ತಾಮ್ರದ ಪರೀಕ್ಷೆಯಲ್ಲಿ ಬಣ್ಣ ಬರಲಿಲ್ಲ. ಅದಕ್ಕಿಂತ ಗಟ್ಟಿ ಸಾಕ್ಷಿ ಬಸವನಹುಳುಗಳದ್ದು. ಹತ್ತಕ್ಕೆ ಹತ್ತೂ ಗಾಜಿನ ಮೇಲೆ ಓಡಾಡುತ್ತಿದ್ದವು. ತಾಮ್ರ ಬಂದಿದ್ದರೆ ಮೊದಲು ಉದುರುವವೇ ಅವು.

ಮೂಲ ನೀರಿನಲ್ಲೂ ದೋಷ ಸಿಗಲಿಲ್ಲ. ಬಾವಿ ನೀರಿನ ಟಿಡಿಎಸ್ (ಕರಗಿದ ಲವಣಗಳ ಅಳತೆ) 38, ಆರ್‌ಒ ಶೋಧಕದ ಪೊರೆ ದಾಟಿದ ಮೇಲೆ 2, ಉಳಿದ ಲವಣವನ್ನೂ ಹಿಡಿಯುವ ಡಿಐ ರಾಳ ದಾಟಿದ ಮೇಲೆ 0. ಮಲೆನಾಡಿನ ಜಂಬಿಟ್ಟಿಗೆ ನೆಲದ ಬಾವಿ ನೀರು ಇಷ್ಟು ಮೆದುವಾಗಿದ್ದರೂ ಡಿಐ ರಾಳ ಬೇಗ ಮುಗಿಯುತ್ತದೆ ಎಂಬ ದೂರು ಇಲ್ಲಿಯೂ ಇತ್ತು. ಕಾರಣ ನೀರಿನಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡ್. ಅದು ಟಿಡಿಎಸ್ ಮೀಟರಿಗೆ ಸರಿಯಾಗಿ ಕಾಣುವುದಿಲ್ಲ, ಆರ್‌ಒ ಪೊರೆಯನ್ನು ಸಲೀಸಾಗಿ ದಾಟುತ್ತದೆ, ರಾಳವನ್ನು ತಿಂದುಹಾಕುತ್ತದೆ. ಆರ್‌ಒ ನೀರನ್ನು ಒಂದು ದಿನ ಏರ್‌ಸ್ಟೋನ್ ಹಾಕಿ ಗಾಳಿಯಾಡಿಸಿ, ಆಮೇಲೆ ರಾಳಕ್ಕೆ ಬಿಟ್ಟರೆ ರಾಳ ಹೆಚ್ಚು ಕಾಲ ಬರುತ್ತದೆ.

ಲವಣಾಂಶ ಅಳೆಯುವುದೇ ತಪ್ಪಿತ್ತು

ಮನೆಯಲ್ಲಿದ್ದದ್ದು ಮುಳ್ಳು ತೂಗುವ ಪ್ಲಾಸ್ಟಿಕ್ ಹೈಡ್ರೋಮೀಟರ್. ಅದು ಲವಣಾಂಶ ಸರಿಯಿದೆ ಎಂದೇ ತೋರಿಸುತ್ತಿತ್ತು. ಮುಳ್ಳಿನ ಮೇಲೆ ಸಣ್ಣ ಗುಳ್ಳೆಗಳು ಅಂಟಿಕೊಂಡರೆ ಮುಳ್ಳು ತೇಲಿ ಹೆಚ್ಚು ತೋರಿಸುತ್ತದೆ. ಉಪ್ಪು, ಸುಣ್ಣ ಕಟ್ಟಿಕೊಂಡರೆ ಮುಳ್ಳು ಭಾರವಾಗಿ ಕಡಿಮೆ ತೋರಿಸುತ್ತದೆ. ಇಲ್ಲಿ ಗುಳ್ಳೆ. ತಟ್ಟಿ ಗುಳ್ಳೆ ಬಿಡಿಸಿದ ಕೂಡಲೇ ಮುಳ್ಳು ಇಳಿಯಿತು.

ನಂತರದ ಅಳತೆಗಳೆಲ್ಲ, ನೀರಿನಲ್ಲಿ ಬೆಳಕು ಬಾಗುವುದನ್ನು ನೋಡಿ ಲವಣಾಂಶ ಹೇಳುವ ರಿಫ್ರಾಕ್ಟೋಮೀಟರಿನಲ್ಲಿ. ಅದನ್ನು ಬರೀ ಶುದ್ಧ ನೀರಿನಲ್ಲಿ ಸೊನ್ನೆಗೆ ಕೂರಿಸಿದರೆ ಸಾಲದು. ಸೊನ್ನೆಯ ಕಡೆ ಸರಿಯಿದ್ದು 35ರ ಕಡೆ ಎರಡು ಮೂರು ಪಿಪಿಟಿ (ಒಂದು ಕಿಲೋ ಉಪ್ಪುನೀರಿನಲ್ಲಿರುವ ಲವಣ, ಗ್ರಾಂ ಲೆಕ್ಕದಲ್ಲಿ) ತಪ್ಪುವ ಉಪಕರಣಗಳು ಸಾಮಾನ್ಯ. ತಾಳೆ ನೋಡುವ ದ್ರಾವಣ ಮನೆಯಲ್ಲೇ ಆಗುತ್ತದೆ: ಒಣಗಿದ ಪುಡಿಯುಪ್ಪು 36.5 ಗ್ರಾಂ, ಡಿಐ ನೀರು 963.5 ಗ್ರಾಂ, ಎರಡೂ ತೂಕದಲ್ಲಿ. ಈ ದ್ರಾವಣದ ವಕ್ರೀಭವನ 35 ಪಿಪಿಟಿ ಸಮುದ್ರ ನೀರಿನಷ್ಟೇ ಇರುತ್ತದೆ. ಇದರಲ್ಲಿ ಗೆರೆ 35ಕ್ಕೆ ಬರುವಂತೆ ತಿರುಪು ತಿರುಗಿಸಬೇಕು. ಇದು ರಿಫ್ರಾಕ್ಟೋಮೀಟರಿಗೆ ಮಾತ್ರ. ಹೈಡ್ರೋಮೀಟರಿಗೂ ವಾಹಕತೆ ಅಳೆಯುವ ಮೀಟರಿಗೂ ಉಪ್ಪಿನ ಪ್ರಮಾಣ ಬೇರೆ.

ಮನೆಯವರು ಬರೆದಿಟ್ಟಿದ್ದ ಲೆಕ್ಕ, ಟ್ಯಾಂಕಿನ ಈಗಿನ ಅಳತೆ, ಬದಲಿಸಿದ ನೀರಿನ ಪ್ರಮಾಣ, ಇವನ್ನು ಇಟ್ಟುಕೊಂಡು ಹಿಂದಕ್ಕೆ ಲೆಕ್ಕ ಹಾಕಿದಾಗ ದೊಡ್ಡ ಬದಲಾವಣೆಗೆ ಮೊದಲು ಟ್ಯಾಂಕಿನ ಲವಣಾಂಶ 32.7 ಪಿಪಿಟಿಗೆ ಇಳಿದಿತ್ತು ಎಂದು ತಿಳಿಯಿತು. ಉಪ್ಪನ್ನು ತೂಗಿಯೇ ಹಾಕುತ್ತಿದ್ದರು, 40 ಲೀಟರಿಗೆ 1.52 ಕಿಲೋ, ಲೀಟರಿಗೆ 38 ಗ್ರಾಂ. ತೂಕ ಸರಿ. ಆದರೆ ತೂಗಿದ್ದರಲ್ಲಿ ಎಷ್ಟು ಉಪ್ಪು, ಎಷ್ಟು ನೀರು?

ಚೀಲದೊಳಗೆ ಆದದ್ದು

ಹಳೆಯ ಉಪ್ಪಿನ 25 ಕಿಲೋ ಚೀಲ ಏಪ್ರಿಲ್ ಕೊನೆಯಲ್ಲಿ ಒಡೆದದ್ದು. ಬಾಯಿಗೆ ರಬ್ಬರ್ ಬ್ಯಾಂಡ್ ಸುತ್ತಿ ಉಗ್ರಾಣದಲ್ಲಿ ಇಟ್ಟಿದ್ದರು. ಆಗುಂಬೆ ಸೀಮೆಯ ಮಳೆಗಾಲದಲ್ಲಿ ಅಡುಗೆ ಉಪ್ಪೇ ಮರಿಗೆಯಲ್ಲಿ ನೀರೊಡೆಯುತ್ತದೆ. ಅಕ್ವೇರಿಯಂ ಉಪ್ಪು ಅದಕ್ಕಿಂತ ಬೇಗ ನೀರು ಹೀರುತ್ತದೆ, ಏಕೆಂದರೆ ಅದರಲ್ಲಿ ಕ್ಯಾಲ್ಸಿಯಂ ಕ್ಲೋರೈಡ್, ಮೆಗ್ನೀಸಿಯಂ ಕ್ಲೋರೈಡ್ ಇವೆ. ಇವೆರಡೂ ಗಾಳಿಯ ತೇವ ಹೀರಿ ತಾವೇ ಕರಗಿ ನೀರಾಗುವ ಲವಣಗಳು.

ನೀರು ಹೀರಿ ತೂಕ ಹೆಚ್ಚುವುದು ಮೊದಲ ತೊಂದರೆ. ಎರಡನೆಯದು ಇನ್ನೂ ಕೆಟ್ಟದ್ದು. ಕ್ಷಾರತೆಗಾಗಿ, ಅಂದರೆ ನೀರು ಹುಳಿಯಾಗದಂತೆ ತಡೆಯಲು, ಸೇರಿಸಿರುವ ಬೈಕಾರ್ಬನೇಟ್, ಕಾರ್ಬನೇಟ್ ಅದೇ ಚೀಲದಲ್ಲಿವೆ. ಒಣಗಿರುವವರೆಗೆ ಅವೂ ಕ್ಯಾಲ್ಸಿಯಂ ಕ್ಲೋರೈಡೂ ಪಕ್ಕಪಕ್ಕದಲ್ಲೇ ಸುಮ್ಮನಿರುತ್ತವೆ. ತೇವ ಬಂದ ಕಡೆ ಒಂದರೊಳಗೊಂದು ಸೇರಿ ಕ್ಯಾಲ್ಸಿಯಂ ಕಾರ್ಬನೇಟ್, ಅಂದರೆ ಸುಣ್ಣಕಲ್ಲಿನ ಪುಡಿ ಆಗುತ್ತದೆ. ಅದು ಸಮುದ್ರ ನೀರಿನಲ್ಲಿ ಮತ್ತೆ ಕರಗುವುದಿಲ್ಲ. ಕಲಸಿದ ಡ್ರಮ್ಮಿನ ತಳದಲ್ಲಿ ಬಿಳಿ ಲೇಪ ಉಳಿಯುತ್ತದೆ. ಇಲ್ಲಿ ಉಳಿದಿತ್ತು. ಒರೆಸಿ ತೆಗೆದು ಒಂದು ಹನಿ ವಿನೆಗರ್ ಬಿಟ್ಟರೆ ನೊರೆಯೆದ್ದು ಕರಗಿತು. ಜಿಪ್ಸಮ್ ಆಗಿದ್ದರೆ ಹಾಗೆ ಕರಗುತ್ತಿರಲಿಲ್ಲ.

ಹೋಲಿಕೆ

ನಾಲ್ಕು ಮಾದರಿ ತೆಗೆದುಕೊಂಡದ್ದು: ಒಡೆದಿಟ್ಟ ಚೀಲದ ಉಪ್ಪು (ಕ-ಹಳೆಯದು), ಅದೇ ಉಪ್ಪಿನ ಮೊಹರು ಒಡೆಯದ ಚೀಲ (ಕ-ಹೊಸದು), ಕ್ಷಾರತೆ ಕಡಿಮೆ ಇಟ್ಟು ಮಾಡುವ ಒಂದು ಉಪ್ಪು (ಖ), ಮನೆಯವರು ಜುಲೈನಲ್ಲಿ ತರಿಸಿದ ಹೆಚ್ಚು ಕ್ಷಾರತೆಯ ಉಪ್ಪು (ಗ). ಪ್ರತಿಯೊಂದರಲ್ಲೂ ಚೀಲದ ಮೇಲೆ, ನಡುವೆ, ತಳದಿಂದ ತೆಗೆದು ಬೆರೆಸಿ 38 ಗ್ರಾಂ ತೂಗಿ, ಡಿಐ ನೀರಿನಲ್ಲಿ ಕರಗಿಸಿ ಸರಿಯಾಗಿ 1 ಲೀಟರಿಗೆ ತುಂಬಿಸಿದ್ದು. 25 ಡಿಗ್ರಿಯಲ್ಲಿ ಎರಡು ಗಂಟೆ ಗಾಳಿಯಾಡಿಸಿ, ತಿಳಿಯಾದ ನೀರನ್ನಷ್ಟೇ ಅಳೆದದ್ದು. ಕೆಎಚ್, ಅಂದರೆ ಕ್ಷಾರತೆಯ ಅಳತೆ, ಪ್ರತಿ ಮಾದರಿಗೆ ಮೂರು ಸಲ, ಸರಾಸರಿ.

| ಮಾದರಿ | ಲವಣಾಂಶ (ಪಿಪಿಟಿ) | ಕೆಎಚ್ | ಕ್ಯಾಲ್ಸಿಯಂ (ಲೀಟರಿಗೆ ಮಿಲಿಗ್ರಾಂ) | ಮೆಗ್ನೀಸಿಯಂ (ಲೀಟರಿಗೆ ಮಿಲಿಗ್ರಾಂ) |
|---|---|---|---|---|
| ಕ-ಹಳೆಯದು | 31.3 | 8.1 | 365 | 1200 |
| ಕ-ಹೊಸದು | 35.2 | 11.1 | 425 | 1360 |
| ಖ | 34.4 | 7.2 | 425 | 1310 |
| ಗ | 34.8 | 12.1 | 455 | 1380 |

ಈ ಪಟ್ಟಿಯನ್ನು ಹೀಗೆಯೇ ಓದಿ ಒಂದು ಉಪ್ಪನ್ನು ಇನ್ನೊಂದರ ಜೊತೆ ಹೋಲಿಸಿದರೆ ತಪ್ಪಾಗುತ್ತದೆ. ತೆಳುವಾಗಿ ಕಲಸಿದ ನೀರಿನಲ್ಲಿ ಎಲ್ಲವೂ ಕಡಿಮೆಯೇ ಕಾಣುತ್ತದೆ. ಪ್ರತಿ ಅಂಕಿಯನ್ನು 35ರಿಂದ ಗುಣಿಸಿ ಅದರ ಲವಣಾಂಶದಿಂದ ಭಾಗಿಸಬೇಕು. ಆಗ ಕೆಎಚ್ ಕ-ಹಳೆಯದರಲ್ಲಿ 9.1, ಕ-ಹೊಸದರಲ್ಲಿ 11.0, ಖದಲ್ಲಿ 7.3, ಗದಲ್ಲಿ 12.2. ಕ್ಯಾಲ್ಸಿಯಂ ಅದೇ ಕ್ರಮದಲ್ಲಿ 408, 423, 432, 458. ಮೆಗ್ನೀಸಿಯಂ 1342, 1352, 1333, 1388. ನಿಜವಾದ ಸಮುದ್ರ ನೀರಿನಲ್ಲಿ ಕೆಎಚ್ 6.5ರಿಂದ 7, ಕ್ಯಾಲ್ಸಿಯಂ ಸುಮಾರು 410, ಮೆಗ್ನೀಸಿಯಂ ಸುಮಾರು 1290.

ಇಲ್ಲಿ ಮುಖ್ಯವಾದದ್ದು ಮೆಗ್ನೀಸಿಯಮ್ಮೂ ಅಲ್ಲ, ಕ್ಯಾಲ್ಸಿಯಮ್ಮೂ ಅಲ್ಲ. ಅವು ಮೂರೂ ಉಪ್ಪಿನಲ್ಲಿ ಹತ್ತಿರ ಹತ್ತಿರ ಇವೆ. ಉಪ್ಪುಗಳು ಬೇರೆಯಾಗುವುದು ಕೆಎಚ್‌ನಲ್ಲಿ, 7.3ರಿಂದ 12.2ರವರೆಗೆ. ಇದು ತಯಾರಕರು ಬೇಕೆಂದೇ ಮಾಡುವ ವ್ಯತ್ಯಾಸ. ರೆಡ್ ಸೀ ಕಂಪನಿ ತಾನೇ ಎರಡು ಉಪ್ಪು ಮಾರುತ್ತದೆ, ಒಂದು ಸುಮಾರು 8 ಕೆಎಚ್ ಕೊಡುವುದು, ಕೋರಲ್ ಪ್ರೊ ಎಂಬ ಇನ್ನೊಂದು ಸುಮಾರು 12 ಕೊಡುವುದು. ಎರಡೂ ಸರಿಯಾದ ಉಪ್ಪುಗಳೇ, ಬೇರೆ ಬೇರೆ ಟ್ಯಾಂಕುಗಳಿಗೆ.

ಕ-ಹಳೆಯದರಲ್ಲಿ ಕಾಣೆಯಾದದ್ದು 1.9 ಕೆಎಚ್. ಸುಣ್ಣವಾಗಿ ಕೂರುವಾಗ 1 ಕೆಎಚ್ ಜೊತೆ ಲೀಟರಿಗೆ 7 ಮಿಲಿಗ್ರಾಂ ಚಿಲ್ಲರೆ ಕ್ಯಾಲ್ಸಿಯಂ ಹೋಗುತ್ತದೆ. ಲೆಕ್ಕಕ್ಕೆ 14 ಕಡಿಮೆಯಾಗಬೇಕು, ಪರೀಕ್ಷೆಯಲ್ಲಿ 15 ಕಡಿಮೆ ಬಂತು. ಹೊಂದಿಕೆ ಚೆನ್ನಾಗಿದೆ, ಆದರೆ ಮನೆಬಳಕೆಯ ಕ್ಯಾಲ್ಸಿಯಂ ಕಿಟ್‌ಗಳು 10–15 ಆಚೀಚೆ ತೋರಿಸುವುದು ಮಾಮೂಲು, ಅದರ ಮೇಲೆ ಹೆಚ್ಚು ಭಾರ ಹಾಕಬಾರದು. ಇದರಿಂದ ಉಪಯೋಗಕ್ಕೆ ಬರುವ ಮಾತೆಂದರೆ, ಚೀಲದಲ್ಲಿ ಉಪ್ಪು ಕೆಟ್ಟಿದೆಯೇ ಎಂದು ನೋಡಲು ಕ್ಯಾಲ್ಸಿಯಂ ಅಳೆದು ಪ್ರಯೋಜನವಿಲ್ಲ. ಕೆಎಚ್ ಅಳೆಯಬೇಕು. 40 ಲೀಟರಿಗೆ ಕಳೆದುಹೋದ ಸುಣ್ಣ ಸುಮಾರು 1.4 ಗ್ರಾಂ. ಡ್ರಮ್ಮಿನ ತಳದ ಬಿಳಿ ಲೇಪ ಇಷ್ಟೇ.

ಬೆಲೆಯ ಹೋಲಿಕೆಯನ್ನೂ ಕಿಲೋ ಲೆಕ್ಕದಲ್ಲಿ ಮಾಡಬಾರದು. 35 ಪಿಪಿಟಿಗೆ ಕ-ಹೊಸದು ಲೀಟರಿಗೆ 37.8 ಗ್ರಾಂ ಬೇಕು, ಗ 38.2, ಖ 38.7. ನೀರೊಡೆದ ಕ-ಹಳೆಯದು 42.5 ಗ್ರಾಂ ಬೇಕು. 20 ಕಿಲೋದಲ್ಲಿ ಕ-ಹೊಸದು 529 ಲೀಟರ್ ಕೊಟ್ಟರೆ ಖ 517 ಕೊಡುತ್ತದೆ.

ಟ್ಯಾಂಕಿಗೆ ಬಿದ್ದ ಪೆಟ್ಟು

ಜೂನ್‌ನಿಂದ ಆರು ವಾರ ತೆಳುವಾದ, ಕ್ಷಾರತೆ ಕಳೆದುಕೊಂಡ ನೀರು ಹೋಗಿ ಟ್ಯಾಂಕಿನ ಕೆಎಚ್ 7.0ಕ್ಕೆ ಇಳಿದಿತ್ತು, ಲವಣಾಂಶ 32.7ಕ್ಕೆ. ನಿಧಾನವಾಗಿ ಇಳಿದದ್ದರಿಂದ ಯಾವುದೂ ಸಾಯಲಿಲ್ಲ, ಬಾಡಿದವು ಅಷ್ಟೆ. ಆಮೇಲೆ 12.2 ಕೆಎಚ್‌ನ ಗ ಉಪ್ಪಿನಲ್ಲಿ 100 ಲೀಟರ್: ಉಳಿದ 150 ಲೀಟರ್ 7.0ರದ್ದು, ಹೊಸ 100 ಲೀಟರ್ 12.2ರದ್ದು, ಬೆರೆತು 9.1. ಒಂದೇ ಗಂಟೆಯಲ್ಲಿ ಎರಡು ಕೆಎಚ್ ಏರಿಕೆ. ನಾಲ್ಕು ದಿನದ ಮೇಲೆ 80 ಲೀಟರ್ ಸೇರಿ ಸುಮಾರು 10. ದಿನಕ್ಕೆ ಅರ್ಧ ಕೆಎಚ್‌ಗಿಂತ ಹೆಚ್ಚು ಏರಿಸಬಾರದೆಂಬುದು ಒಳ್ಳೆಯ ಕಟ್ಟಳೆ. ಇಲ್ಲಿ ಅದರ ನಾಲ್ಕರಷ್ಟು ಒಂದೇ ಸಲಕ್ಕೆ ಏರಿತ್ತು. ಜೊತೆಗೆ ಲವಣಾಂಶ 32.7ರಿಂದ 33.6, ಮತ್ತೆ 34.1. ಇನ್ನೊಂದು ಯಾರೂ ಗಮನಿಸದ್ದು ನೀರಿನ ಬಿಸಿ. ಜುಲೈನಲ್ಲಿ ಡ್ರಮ್ಮಿನ ನೀರು 21 ಡಿಗ್ರಿ, ಟ್ಯಾಂಕು 26. ಹೀಟರ್ ಇಲ್ಲದೆ 100 ಲೀಟರ್ ಸುರಿದಾಗ ಟ್ಯಾಂಕು 24ಕ್ಕೆ ಇಳಿಯಿತು.

ಪೊರೆ ಬಿಡುವ ಹೊತ್ತಿನ ಸಿಗಡಿಗೆ ಈ ಮೂರರಲ್ಲಿ ಯಾವುದು ಮುಳುವಾಯಿತು ಎಂದು ಬೇರ್ಪಡಿಸಿ ಹೇಳಲು ಬರುವುದಿಲ್ಲ. ಗ ಉಪ್ಪಿನ ತಪ್ಪಂತೂ ಅಲ್ಲ. ಅದು ಚೀಲದ ಮೇಲೆ ಬರೆದದ್ದನ್ನೇ ಕೊಟ್ಟಿದೆ.

ಈ ಟ್ಯಾಂಕಿಗೆ ಯಾವ ಉಪ್ಪು?

ನೀರು ಬದಲಿಸಿದ ದಿನ ಒಮ್ಮೆ, ಮುಂದಿನ ಬದಲಾವಣೆಗೆ ಮುಂಚೆ ಒಮ್ಮೆ ಕೆಎಚ್ ಅಳೆದು ಮೂರು ವಾರದ ಸರಾಸರಿ ತೆಗೆದರೆ ಟ್ಯಾಂಕು ವಾರಕ್ಕೆ ತಿನ್ನುವುದು 0.42 ಕೆಎಚ್. ಗಟ್ಟಿ ಹವಳವಿಲ್ಲದ, ಬಸವನಹುಳು ಮತ್ತು ಕೋರಲೈನ್ ಪಾಚಿ ಮಾತ್ರ ಸುಣ್ಣ ಕಟ್ಟುವ ಟ್ಯಾಂಕಿಗೆ ಇದು ಸಹಜ. ಪ್ರತಿ ವಾರ ಬದಲಾಗುವುದು 250ರಲ್ಲಿ 40, ಅಂದರೆ 0.16 ಪಾಲು. ಟ್ಯಾಂಕು ಕೊನೆಗೆ ನಿಲ್ಲುವ ಕೆಎಚ್ ಹೀಗೆ ಸಿಗುತ್ತದೆ: ಉಪ್ಪಿನ ಕೆಎಚ್‌ನಿಂದ, ವಾರದ ಖರ್ಚನ್ನು ಬದಲಿಸುವ ಪಾಲಿನಿಂದ ಭಾಗಿಸಿ ಬಂದದ್ದನ್ನು ಕಳೆಯಬೇಕು. 0.42 ಭಾಗಿಸು 0.16, ಸುಮಾರು 2.6.

ಖ ಉಪ್ಪಿನಲ್ಲಿ 7.3ರಿಂದ 2.6 ಕಳೆದರೆ 4.7, ಅಷ್ಟು ಕೆಳಗೆ ಇಳಿಯಲು ಬಿಡಬಾರದು. ಕ-ಹೊಸದರಲ್ಲಿ 8.4. ಗದಲ್ಲಿ 9.6. ಏನನ್ನೂ ಬೇರೆ ಹಾಕದೆ ನೀರು ಬದಲಾವಣೆಯ ಮೇಲೇ ಬದುಕುವ ಈ ಟ್ಯಾಂಕಿಗೆ ಕ ಸರಿ. ಮೊದಲಿಂದ ಬಳಸುತ್ತಿದ್ದದ್ದೂ ಅದೇ. ಖ ಉಪ್ಪು ಕೆಳದರ್ಜೆಯದಲ್ಲ. ದಿನವೂ ಅಳೆದು ಸೋಡಾ ಹಾಕುವ ಟ್ಯಾಂಕಿನಲ್ಲಿ 7–8 ಕೆಎಚ್ ಇಟ್ಟವರಿಗೆ ನೀರು ಬದಲಿಸಿದಾಗಲೂ ಅಂಕಿ ಅಲುಗದಂತೆ ಇಡುವುದು ಅದೇ. ಈ ಮನೆಯಲ್ಲೂ ಖ ಬಳಸಬಹುದು, ವಾರಕ್ಕೆ 3.2 ಗ್ರಾಂ ಅಡುಗೆ ಸೋಡಾ ಹಾಕುವ ಶಿಸ್ತು ಇದ್ದರೆ.

ಗೋಕರ್ಣದ ಹತ್ತಿರದ ಸಾಣಿಕಟ್ಟಾದ ಗದ್ದೆ ಉಪ್ಪು ಹಾಕಬಾರದೇ, ಅದೂ ಸಮುದ್ರದ್ದೇ ಅಲ್ಲವೇ ಎಂಬ ಪ್ರಶ್ನೆ ಮಲೆನಾಡಿನಲ್ಲಿ ಪದೇಪದೇ ಬರುತ್ತದೆ. ಸಮುದ್ರ ನೀರು ಬಿಸಿಲಿಗೆ ಇಂಗುವಾಗ ಮೊದಲು ಸುಣ್ಣ, ಆಮೇಲೆ ಜಿಪ್ಸಮ್ ಕೂರುತ್ತವೆ. ಅನಂತರ ಹರಳಾಗುವುದು ಸೋಡಿಯಂ ಕ್ಲೋರೈಡ್. ಮೆಗ್ನೀಸಿಯಂ, ಪೊಟ್ಯಾಸಿಯಂ ಉಳಿಯುವುದು ಹೊರಗೆ ಬಿಡುವ ಕಹಿನೀರಿನಲ್ಲಿ. ಗದ್ದೆಯಿಂದ ಬಂದ ಹರಳು ಅಡುಗೆಗೆ ಉತ್ತಮ, ಅದನ್ನು ಕರಗಿಸಿದರೆ ಸಮುದ್ರ ಮರಳಿ ಬರುವುದಿಲ್ಲ. ಘಟ್ಟ ಇಳಿದು ಮಲ್ಪೆಯಿಂದ ನೀರು ತರುವುದೂ ಮಳೆಗಾಲಕ್ಕೆ ಹೊಂದದು. ದಡದ ನೀರು ನದಿಗಳ ಕೆಂಪು ನೀರು ಸೇರಿ ತೆಳುವಾಗಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆಳದಿಂದ ನೀರು ತಂದುಕೊಡುವ ದೋಣಿಯೂ ಸಿಗದು.

ಸರಿಪಡಿಸಿದ ಬಗೆ

ಎರಡು ವಾರ ನೀರು ಬದಲಿಸುವುದನ್ನು ನಿಲ್ಲಿಸಿದ್ದಾಯಿತು. 10ಕ್ಕೆ ಏರಿದ ಕೆಎಚ್ ಅನ್ನು ಆಮ್ಲ ಹಾಕಿ ಇಳಿಸುವ ಗೊಡವೆಗೆ ಹೋಗಬಾರದು, ಟ್ಯಾಂಕು ತಾನೇ ತಿಂದು ಇಳಿಸುತ್ತದೆ. ಲವಣಾಂಶವನ್ನು 34.1ರಿಂದ 35ಕ್ಕೆ ತರಲು ಸುಮಾರು 235 ಗ್ರಾಂ ಲವಣ ಬೇಕು. ಮಳೆಗಾಲದ ತೇವದಲ್ಲಿ ಟ್ಯಾಂಕಿನಿಂದ ಆವಿಯಾಗುತ್ತಿದ್ದದ್ದು ದಿನಕ್ಕೆ 1.5 ಲೀಟರ್ ಮಾತ್ರ. ಆ ಜಾಗಕ್ಕೆ ದಿನ ಬಿಟ್ಟು ದಿನ ಸಿಹಿನೀರಿನ ಬದಲು ಖ ಉಪ್ಪಿನ 35 ಪಿಪಿಟಿ ನೀರನ್ನೇ ತುಂಬಿದರು. ಒಂದು ಸಲಕ್ಕೆ 52 ಗ್ರಾಂ ಸೇರುತ್ತದೆ, ಐದು ಸಲಕ್ಕೆ ಮುಗಿಯಿತು. ಖ ಆರಿಸಿದ್ದು ಕೆಎಚ್ ಮತ್ತೆ ಏರದಿರಲೆಂದು.

ಆಮೇಲೆ ಕ-ಹೊಸದು, ವಾರಕ್ಕೆ 40 ಲೀಟರ್. ಕಲಸುವ ಕ್ರಮ ಬದಲಾಯಿತು. 40 ಲೀಟರಿನ ಗೆರೆ ಹಾಕಿದ ಆಹಾರ ದರ್ಜೆಯ ಡ್ರಮ್ಮಿನಲ್ಲಿ 39 ಲೀಟರ್ ನೀರು, ಗಂಟೆಗೆ 1000 ಲೀಟರ್ ತಿರುಗಿಸುವ ಪಂಪ್, ಹೀಟರ್ 25ಕ್ಕೆ. ನೀರು ಬಿಸಿಯಾದ ಮೇಲೆ 1.51 ಕಿಲೋ ಉಪ್ಪನ್ನು ಹತ್ತು ನಿಮಿಷದಲ್ಲಿ ಹಿಡಿಹಿಡಿಯಾಗಿ ಹಾಕಿ, ಕರಗಿದ ನಂತರ ಗೆರೆಯವರೆಗೆ ನೀರು. ಉಪ್ಪಿನ ಮೇಲೆ ನೀರು ಹುಯ್ಯಬಾರದು. ತಳದಲ್ಲಿ ದಟ್ಟ ಗಂಜಿಯಾದಲ್ಲಿ ಕ್ಯಾಲ್ಸಿಯಮ್ಮೂ ಕಾರ್ಬನೇಟೂ ಕೂಡಿ ಚೀಲದಲ್ಲಿ ಆದದ್ದೇ ಡ್ರಮ್ಮಿನಲ್ಲಿ ಆಗುತ್ತದೆ. ಎರಡು ಗಂಟೆ ಕಳೆದು ಲವಣಾಂಶ, ಕೆಎಚ್ ನೋಡಿ ಟ್ಯಾಂಕಿಗೆ. ಕೆಎಚ್ ಹೆಚ್ಚಿರುವ ಉಪ್ಪನ್ನು ಹೀಟರ್ ಹಾಕಿ ರಾತ್ರಿಯಿಡೀ ತಿರುಗಿಸಿದರೆ ಹೀಟರಿನ ಮೇಲೇ ಸುಣ್ಣ ಕೂರುತ್ತದೆ.

ಚೀಲ ಒಡೆದ ದಿನವೇ ಪೊಟ್ಟಣ ಕಟ್ಟುವುದು ಎಲ್ಲಕ್ಕಿಂತ ಹೆಚ್ಚು ಉಪಯೋಗವಾದ ಬದಲಾವಣೆ. ಮಳೆ ಬಿಟ್ಟ ಮಧ್ಯಾಹ್ನ, ಸ್ವಚ್ಛ ಪ್ಲಾಸ್ಟಿಕ್ ಹಾಳೆಯ ಮೇಲೆ 25 ಕಿಲೋ ಉಪ್ಪನ್ನೂ ಸುರಿದು, ಕೈಗವಸು ಹಾಕಿ ಐದಾರು ಸಲ ಮಗುಚಿ, 1.51 ಕಿಲೋದ 16 ಪೊಟ್ಟಣ. ದಪ್ಪ ಚೀಲಕ್ಕೆ ಶಾಖದಲ್ಲಿ ಮೊಹರು, ಆಮೇಲೆ ರಬ್ಬರ್ ಪಟ್ಟಿಯ ಮುಚ್ಚಳದ ಡಬ್ಬಿಗೆ. ಘಟ್ಟದ ರಸ್ತೆಯಲ್ಲಿ ಕುಲುಕಿ ಬಂದ ಚೀಲದಲ್ಲಿ ಪುಡಿ ಒಂದು ಕಡೆ, ಹರಳು ಒಂದು ಕಡೆ ಆಗಿರುತ್ತದೆ. ಮಗುಚುವುದರಿಂದ ಅದೂ ಸರಿಹೋಗುತ್ತದೆ. ಇಡೀ ಕೆಲಸ ಅರ್ಧ ಗಂಟೆ ಮೀರಬಾರದು.

ಅಕ್ಟೋಬರ್‌ನಲ್ಲಿ ಲವಣಾಂಶ 35.0, ನೀರು ಬದಲಿಸುವ ಮುಂಚಿನ ಕೆಎಚ್ 8.5. ಜೊಯಾಂಥಿಡ್‌ಗಳು ಪೂರ್ತಿ ಬಿಚ್ಚಿವೆ, ಲೆದರ್ ಪೊರೆ ಕಳಚಿ ಎದ್ದಿದೆ, ಬಿಳಿಚಿದ ಕಲ್ಲಿನ ಅಂಚಿನಿಂದ ನೇರಳೆ ಬಣ್ಣ ಒಳಗೆ ಬರುತ್ತಿದೆ. ಕ-ಹಳೆಯದರಲ್ಲಿ ಉಳಿದ 8 ಕಿಲೋ ಚೆಲ್ಲಲಿಲ್ಲ. ಹೊಸ ಮೀನನ್ನು ಬೇರೆ ಇಡುವ ತೊಟ್ಟಿಗೆ ಅದನ್ನೇ ಲೀಟರಿಗೆ 42.5 ಗ್ರಾಂನಂತೆ ಕಲಸುತ್ತಾರೆ, ಪೂರ್ತಿ ಕರಗಿದ ಮೇಲೆ 40 ಲೀಟರಿಗೆ 2.3 ಗ್ರಾಂ ಅಡುಗೆ ಸೋಡಾ ಸೇರಿಸಿ, ತಳದ ಬಿಳಿ ಲೇಪವನ್ನು ಡ್ರಮ್ಮಿನಲ್ಲೇ ಬಿಟ್ಟು.